ಚುಚ್ಚದೆ ಉಳಿಸಿದ ಡಬ್ಬ

ಸಿಲಿಂಡರ್ ಮಾರುವ ಗ್ಯಾಸ್ ಲಾರಿ ತನ್ನ ಅದೇ ಹಳೆಯ ರಾಗವನ್ನು ಬಾರಿಸಿಕೊಂಡು ಅಮ್ಮಾನ್ ಊರಿನ ಬಯಾದರ್‌ನ ಏರು ಹತ್ತಿ ಹೋದ ಮೇಲೆ, ಬೀದಿ ಇನ್ನೂ ಪೂರ್ತಿ ಕಣ್ಣು ಬಿಟ್ಟಿರದ ಹೊತ್ತಿನಲ್ಲಿ, ಬೂದು ಬಣ್ಣದ ಸಣ್ಣ ಕಾರೊಂದು ಮುಫ್ಲೆಹ್‌ನ ಗಾಡಿಗಳ ಎಣ್ಣೆ ಬದಲಾಯಿಸುವ ಅಂಗಡಿಯ ಮುಂದೆ ಬಂದು ನಿಂತಿತು. ಬಾಗಿಲು ತೆರೆಯುವ ಮೊದಲೇ, ಗಾಜಿನ ಹಿಂದಿನ ಆ ನೆಟ್ಟನೆಯ ಕತ್ತಿನಿಂದಲೇ ಬಂದವನು ಯಾರೆಂದು ಅವನಿಗೆ ತಿಳಿಯಿತು. ಎಳ್ಳಿನ ರೊಟ್ಟಿಯ ತುಣುಕು ಕೈಯಲ್ಲೇ ಉಳಿಯಿತು. ಈ ದಿನವನ್ನು ಅವನು ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದನೋ ಲೆಕ್ಕವಿಲ್ಲ. ಆ ಆಟದಲ್ಲಿ ಯಾವಾಗಲೂ ಮಳೆ ಸುರಿಯುತ್ತಿತ್ತು, ರಾತಿಬ್ ಪಾಷಾನ ಕಾರು ನಡುರಸ್ತೆಯಲ್ಲಿ ಕೆಟ್ಟು ನಿಂತಿರುತ್ತಿತ್ತು, ಪಾಷಾ ತೊಯ್ದು ತೊಪ್ಪೆಯಾಗಿ ಕೈ ಅಡ್ಡ ಹಿಡಿಯುತ್ತಿದ್ದ, ಮುಫ್ಲೆಹ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ತನ್ನ ಕಾರಿನೊಳಗೆ ಕೂತು ಗಾಜು ಇಳಿಸಿ 'ಯಾರು ನೀವು?' ಎಂದು ಕೇಳುತ್ತಿದ್ದ. ಈಗ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿದೆ, ಪಾಷಾನ ಷೂ ಫಳಫಳ ಹೊಳೆಯುತ್ತಿದೆ, ಎಳ್ಳು ಮೆತ್ತಿಕೊಂಡಿರುವುದು ತನ್ನ ಮೀಸೆಗೆ. ಸೇಡು ತೀರಿಸಿಕೊಳ್ಳುವುದಕ್ಕೂ ಹಣೆಯಲ್ಲಿ ಬರೆದಿರಬೇಕು ಎಂದು ಅವನಿಗೆ ರೇಗಿತು.

"ಸಲಾಂ ಮೇಸ್ತ್ರಿ," ಎಂದ ಪಾಷಾ. "ಗೇರ್ ಬಾಕ್ಸ್ ಆಯಿಲ್ ಬದಲಾಯಿಸ್ಬೇಕು. ಕಂಪನೀದೇ ಹಾಕು. ಬಜಾರಿಂದು ಗಿಜಾರಿಂದು ಬೇಡ."

"ಈ ಗಾಡಿಗೆ ಕಂಪನೀದೇ ಆಗ್ಬೇಕು ಪಾಷಾ. ಇಂಜಿನ್ನಿಗಾದ್ರೆ ಬಜಾರಿನ ಒಳ್ಳೇ ಆಯಿಲ್ ಹಾಕಿದ್ರೂ ನಡೆಯುತ್ತೆ. ಈ ಗೇರ್ ಬಾಕ್ಸು ಮಾತ್ರ ಬೇರೇದನ್ನ ಹತ್ರ ಸೇರಿಸಲ್ಲ."

ಮಾತು ಮುಗಿಯುವ ಮೊದಲೇ ಅವನಿಗೆ ತನ್ನ ನಾಲಗೆಯ ಮೇಲೆ ಅಸಹ್ಯವಾಯಿತು. ಯಾರಿಗೆ ಹೇಳುತ್ತಿದ್ದೇನೆ ಈ ಬುದ್ಧಿಮಾತನ್ನು? ಅದೂ 'ಪಾಷಾ' ಎಂದು ಕರೆದು. ಅಮ್ಮಾನಿನಲ್ಲಿ ಕತ್ತು ನೆಟ್ಟಗಿದ್ದವರನ್ನೆಲ್ಲ ಪಾಷಾ ಎನ್ನುತ್ತಾರೆ, ಅದರಿಂದ ಗುರುತು ಹಿಡಿದ ಹಾಗಾಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. ಪಾಷಾನ ಕಣ್ಣು ಅವನ ಮುಖದ ಮೇಲೆ ಹಾದು, ಗೋಡೆಯ ಮೇಲಿನ ಫಿಲ್ಟರುಗಳ ಸಾಲಿನ ಮೇಲೂ ಅಷ್ಟೇ ಹೊತ್ತು ನಿಂತು ಮುಂದೆ ಹೋಯಿತು. ಮೇಸ್ತ್ರಿಯಂತೆ! ಗುರುತೇ ಇಲ್ಲ. ಒಬ್ಬ ಮನುಷ್ಯನ ಮಾನವನ್ನು ಮೂರಾಬಟ್ಟೆ ಮಾಡಿದವನು ಆ ಮನುಷ್ಯನ ಮುಖವನ್ನಾದರೂ ನೆನಪಿಟ್ಟುಕೊಳ್ಳಬೇಡವೇ? ಕಾರನ್ನು ಅಡಿಗಿಳಿದು ಕೆಲಸ ಮಾಡುವ ಗುಂಡಿಯ ಮೇಲೆ ಹತ್ತಿಸುವಾಗ ಸ್ಟಿಯರಿಂಗಿನ ಮೇಲೆ ಪಾಷಾನ ಕೈಯ ಬಿಸಿ ಇನ್ನೂ ಇತ್ತು. ಮುಫ್ಲೆಹ್ ಅದನ್ನು ಬಟ್ಟೆಯಿಂದ ಒರೆಸಿದ.

ಗುಂಡಿಗಿಳಿದು ತಲೆಯ ಮೇಲಿನ ಬೋಲ್ಟಿಗೆ ಪಾನಾ ಹಾಕಿದರೆ ಹಳೆಯ ಎಣ್ಣೆ ಕಪ್ಪಗೆ, ಸುಟ್ಟ ವಾಸನೆಯೊಡನೆ ತಟ್ಟೆಗೆ ಬಿತ್ತು. ಮಗನ ಸಂಬಂಧ ಕೇಳಲು ಹೋಗಿದ್ದ ಆ ಸಂಜೆ ಪಾಷಾನ ಮನೆಯಲ್ಲಿ ಏಲಕ್ಕಿಯ ವಾಸನೆ. ಗೋಡೆಯುದ್ದಕ್ಕೂ ಕುರ್ಚಿಗಳು, ಒಂದು ಕಡೆ ತನ್ನ ಕಡೆಯವರು, ಎದುರಿಗೆ ಅವರ ಕಡೆಯವರು, ನಡುವೆ ಕಾಲಿಟ್ಟರೆ ಹೂತುಹೋಗುವಂಥ ಜಮಖಾನ. ಹೆಣ್ಣು ಕೇಳಲು ಹೋದವರು ಕೊಟ್ಟ ಕಾಫಿಯನ್ನು ಮುಟ್ಟದೆ ಮುಂದಿಟ್ಟು, 'ನಮ್ಮ ಮಾತು ನಡೆಸಿಕೊಡುವ ತನಕ ಕುಡಿಯುವುದಿಲ್ಲ' ಎನ್ನಬೇಕು. ಹೆಣ್ಣಿನ ತಂದೆ 'ಕುಡಿಯಿರಿ, ನಿಮ್ಮ ಮಾತು ನಡೆಯಿತು' ಎನ್ನಬೇಕು. ಹೆಂಗಸರು ಒಳಗೊಳಗೇ ಎಲ್ಲ ಮುಗಿಸಿರುತ್ತಾರೆ, ಇದು ಗಂಡಸರ ಗತ್ತಿಗಾಗಿ ಆಡುವ ಆಟ. ಅವನ ಕಡೆಯ ಹಿರಿಯರು ಎದ್ದು ನಿಂತು, ದೇವರ ಹೆಸರು ಹೇಳಿ, ಮುಫ್ಲೆಹ್‌ನ ಮಗ ಸನದ್‌ಗೆ ನಿಮ್ಮ ಮಗಳು ದೀಮಾಳನ್ನು ಕೇಳುತ್ತಿದ್ದೇವೆ ಎಂದರು. ಸನದ್ ಹೊಸ ಕೋಟಿನಲ್ಲಿ ಕೈ ಕಟ್ಟಿ ಕೂತಿದ್ದ. ಪಾಷಾ ಕೂತಲ್ಲಿಂದ ಏಳಲಿಲ್ಲ. "ಒಂದು ಮಾತು ಕೇಳ್ತೀನಿ ಎಣ್ಣೆ ಮೇಸ್ತ್ರಿ," ಎಂದ. "ಗಿರಾಕಿಗೆ ಡಬ್ಬ ಕೊಡೋವಾಗ ಕಂಪನೀದು, ಬಜಾರಿಂದು ಅಂತ ಬಾಯ್ಬಿಟ್ಟು ಹೇಳ್ತೀಯಲ್ಲ. ಹುಡುಗನ ವಿಷಯದಲ್ಲಿ ಯಾಕೆ ಹೇಳ್ಲಿಲ್ಲ?"

ಯಾರು ಹೇಳಿದ್ದರೋ. ಅನಾಥಾಶ್ರಮದ ತೊಟ್ಟಿಲಿನಿಂದ ಹೆಂಡತಿ ಇನ್ಸಾಫ್ ಎತ್ತಿಕೊಂಡು ಬಂದ ಮಗು ಅದು. ಅದರ ಬಾಯಿಗೆ ಬಿದ್ದ ಮೊದಲ ಅನ್ನ ತನ್ನ ಕೈಯದು, ಅದರ ಜ್ವರಕ್ಕೆಲ್ಲ ಎದ್ದು ಕೂತವನು ತಾನು, 'ಅಬೂ ಸನದ್', ಸನದನ ಅಪ್ಪ, ಎಂದು ಊರೆಲ್ಲ ಕರೆದದ್ದು ತನ್ನನ್ನು. ಹೇಳಬೇಕಿತ್ತೇ? ಮಗ ಮಗನೇ ಅಲ್ಲವೇ? ಈ ಪ್ರಶ್ನೆಗೆ ಆಮೇಲೆ ಅವನು ನೂರು ಉತ್ತರ ಕಟ್ಟಿದ. ಬಜಾರಿನದು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ ಪಾಷಾ, ಡಬ್ಬ ಬಿಟ್ಟು ಎಣ್ಣೆ ನೋಡಿ ಎನ್ನಬಹುದಿತ್ತು. ಕಂಪನಿಯ ಮುದ್ರೆಯೊಳಗೆ ಕೊಳೆತದ್ದನ್ನೂ ನಾನು ಕಂಡಿದ್ದೇನೆ ಎಂದು ಅವನ ಮುಖಕ್ಕೆ ಹೊಡೆದ ಹಾಗೆ ಹೇಳಬಹುದಿತ್ತು. ಆ ಕ್ಷಣಕ್ಕೆ ಒಂದೂ ಬಾಯಿಗೆ ಬರಲಿಲ್ಲ. ಎದುರು ಸಾಲಿನಲ್ಲಿ ಯಾರೋ ಕೆಮ್ಮಿದರು, ತನ್ನ ಸಾಲಿನಲ್ಲೇ ಯಾರೋ ಕಿಸಕ್ಕೆಂದರು. ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು. ಆಗ ಅವನ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಗಿ, ಎದುರಿಗಿಟ್ಟಿದ್ದ ಬಟ್ಟಲನ್ನು ಎತ್ತಿ, ಕಾಫಿಯನ್ನು ಬಾಯಿಗೆ ಸುರಿಯಿತು.

ಕುಡಿದುಬಿಟ್ಟಿದ್ದ. ಯಾರೂ ಕುಡಿ ಎನ್ನುವ ಮೊದಲೇ, ಮಾತು ನಡೆಯುವ ಮೊದಲೇ, ಎರಡು ಸಾಲು ಗಂಡಸರ ಕಣ್ಣೆದುರಿಗೆ. ಪಾಷಾ ಆಡಿದ ಮಾತಾದರೂ ಪಾಷಾನದು, ಆ ಗುಟುಕು ತನ್ನದು. ಅದು ಇನ್ನೂ ಗಂಟಲಲ್ಲಿ ಇಳಿದಿರಲಿಲ್ಲ. ವಾಪಸ್ಸು ಬರುವಾಗ ಕಾರಿನಲ್ಲಿ ಸನದ್, ರೊಟ್ಟಿ ಅಂಗಡಿಯ ಬೆಳಕು ಕಂಡಾಗ, "ಅಪ್ಪಾ, ಅಮ್ಮಂಗೆ ಬಿಸಿ ರೊಟ್ಟಿ ತಗೊಂಡು ಹೋಗೋಣ್ವಾ?" ಎಂದ. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳಬಹುದಿತ್ತು. ಮಾರನೆಯ ದಿನದಿಂದ ಬಜಾರಿಗೆ ಒಂದು ತಮಾಷೆ ಸಿಕ್ಕಿತು. ಎದುರಿನ ಬ್ಯಾಟರಿ ಅಂಗಡಿಯ ಝಕಿ ಚಹಾ ಕೊಡುವಾಗಲೆಲ್ಲ, "ಕುಡಿ ಮಾರಾಯ, ಅಪ್ಪಣೆ ಆಗಿದೆ," ಎನ್ನುತ್ತಿದ್ದ. ಕೆಟ್ಟ ಮನುಷ್ಯನಲ್ಲ ಝಕಿ. ಮುಫ್ಲೆಹ್ ಅವನ ಜೊತೆ ನಗುತ್ತಿದ್ದ. ನಕ್ಕು ನಕ್ಕು ಹೊಟ್ಟೆಯೊಳಗೆ ಕೆಂಡ ಮಾಡಿಕೊಂಡಿದ್ದ.

ತಟ್ಟೆ ತುಂಬಿತು. ಬೋಲ್ಟನ್ನು ಮತ್ತೆ ಕೂರಿಸಿದ. ಗುಂಡಿಯಿಂದ ಮೇಲೆ ಬಂದರೆ ಪಾಷಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೊಣಕಾಲು ಜೋಡಿಸಿ, ಅಂಗಡಿಯ ಬಾಗಿಲಾಚೆ ನೋಡುತ್ತ ಕೂತಿದ್ದ. ಮನೆಗೆ ಬಂದವರಿರಲಿ ಅಂಗಡಿಗೆ ಬಂದವರಿರಲಿ, ಕಾಫಿ ಕೊಡದೆ ಇರುವ ಹಾಗಿಲ್ಲ. ಶತ್ರುವಾದರೆ ಇನ್ನೂ ಕೊಡಬೇಕು. ಮುಫ್ಲೆಹ್ ಕೈಯನ್ನು ಸೀಮೆಎಣ್ಣೆ, ಸೋಪು ಎರಡರಲ್ಲೂ ತೊಳೆದ. ಬಟ್ಟಲನ್ನು ಮೂರನೆಯ ಸಲ ತೊಳೆಯುತ್ತಿರುವುದು ಗಮನಕ್ಕೆ ಬಂದಾಗ ನಾಚಿಕೆಯಾಯಿತು. ಕೂಜದಿಂದ ಕಹಿ ಕಾಫಿ ಬಗ್ಗಿಸಿ ಬಲಗೈಯಲ್ಲಿ ಮುಂದೆ ಹಿಡಿದ. ಪಾಷಾ ತೆಗೆದುಕೊಂಡ. ತೆಗೆದುಕೊಂಡು, ಬಟ್ಟಲನ್ನೊಮ್ಮೆ ನೋಡಿ, ಪಕ್ಕದ ಎಣ್ಣೆ ಪೀಪಾಯಿಯ ಮೇಲೆ ಮೆಲ್ಲಗೆ ಇಟ್ಟ.

"ಎಷ್ಟು ಹೊತ್ತಾಗುತ್ತೆ?" ಎಂದ.

"ಈಗ ಆಗ್ಹೋಗುತ್ತೆ ಪಾಷಾ."

ಮುಫ್ಲೆಹ್ ಟಾರ್ಚು ಹುಡುಕುವ ನೆಪ ಮಾಡಿದ. ಬಟ್ಟಲು ಹಾಗೇ ಇತ್ತು. ಫಿಲ್ಟರು ಬಿಚ್ಚಿದ, ಬಟ್ಟೆ ಹಿಂಡಿದ, ಮತ್ತೆ ನೋಡಿದ. ಬಟ್ಟಲು ಹಾಗೇ ಇತ್ತು, ಅದರ ಹಬೆ ಸಣ್ಣದಾಗುತ್ತಿತ್ತು. ಮಸಿ ಕೈಯ ಬಟ್ಟಲು ಪಾಷಾನ ತುಟಿಗೆ ಆಗುವುದಿಲ್ಲ. ಅಂದು ತಾನು ಕುಡಿಯಬಾರದ ಕಾಫಿಯನ್ನು ಕುಡಿದೆ, ಇಂದು ಇವನು ಕುಡಿಯಬೇಕಾದ ಕಾಫಿಯನ್ನು ಕುಡಿಯುವುದಿಲ್ಲ. ಎರಡು ಸಲವೂ ಬಟ್ಟಲು ತನ್ನ ಕಡೆಗೇ ನೋಡಿ ನಗುತ್ತದೆ. ಅಲ್ಲಿಯ ತನಕ ಅವನ ಮನಸ್ಸು ಅಡ್ಡಗೋಡೆಯ ಮೇಲೆ ಕೂತಿತ್ತು. ಕಂಪನಿಯ ನಿಜವಾದ ಡಬ್ಬದ ಮೇಲೆ ಒಂದು ಕೈ ಇಟ್ಟೂ ಇದ್ದ. ಆ ಕೈ ತೆಗೆದು, ಏಣಿ ಹಾಕಿ, ಮೇಲಿನ ಅಟ್ಟಕ್ಕೆ ಹತ್ತಿದ. ಹಳೆಯ ಫಿಲ್ಟರುಗಳ ಹಿಂದೆ, ಗೋಣಿಯ ಕೆಳಗೆ, ಅದು ಇತ್ತು.

ಬಯಾದರ್‌ನಲ್ಲಿ ಕಂಪನಿಯ ಖಾಲಿ ಡಬ್ಬಕ್ಕೆ ತುಂಬಿದ ಡಬ್ಬದಷ್ಟೇ ಗಿರಾಕಿ. ಕೊಂಡುಹೋಗಿ ಪೀಪಾಯಿಯ ಅಗ್ಗದ ಎಣ್ಣೆ ತುಂಬಿ, ಮುಚ್ಚಳ ಕೂರಿಸಿ, ಹೊಸದೆಂದು ಮಾರುತ್ತಾರೆ. ಅದಕ್ಕೇ ಮುಫ್ಲೆಹ್ ಎಣ್ಣೆ ಸುರಿದ ಮೇಲೆ ಪ್ರತಿ ಡಬ್ಬವನ್ನೂ ಗಿರಾಕಿಯ ಕಣ್ಣೆದುರಿಗೇ ಸ್ಕ್ರೂಡ್ರೈವರಿನಿಂದ ಚುಚ್ಚಿ ಎಸೆಯುತ್ತಿದ್ದ. ಅವನ ಹೆಸರು ನಿಂತಿದ್ದದ್ದು ಆ ತೂತಿನ ಮೇಲೆ. ಆ ಸಂಜೆಯ ನಂತರದ ವಾರದಲ್ಲಿ ಒಂದು ದಿನ, ಚುಚ್ಚಲು ಎತ್ತಿದ ಕೈ ನಿಂತಿತ್ತು. ಪಾಷಾನ ಮನೆಯಂಗಳದಲ್ಲಿ ನಿಂತಿದ್ದ ಬೂದು ಕಾರಿಗೆ ಹಾಕುವಂಥ ಎಣ್ಣೆಯದೇ ಡಬ್ಬ ಅದು. ಬಾಗಿಲು ಹಾಕಿಕೊಂಡು, ಮುಚ್ಚಳಕ್ಕೆ ಸೀಲಿನ ಹಾಗಿರುವ ಪ್ಲಾಸ್ಟಿಕ್ ಬಳೆಯನ್ನು ಬಿಸಿನೀರಿನಲ್ಲಿ ಸಡಿಲಿಸಿ, ಒಳಗೆ ಪೀಪಾಯಿ ಎಣ್ಣೆ ತುಂಬಿ, ಬಳೆಯನ್ನು ಮತ್ತೆ ಕೂರಿಸಿದ್ದ. ಎಂಥ ಕಳ್ಳನೂ ಮೆಚ್ಚುವಂಥ ಕೆಲಸ. ಆಮೇಲೆ ಪ್ರತಿ ಸಲ ಅಟ್ಟ ಗುಡಿಸುವಾಗ ಅದನ್ನು ಕೈಯಿಂದ ತಡವಿ, ಧೂಳು ಒರೆಸಿ, ಗೋಣಿ ಹೊದಿಸುತ್ತಿದ್ದ. ಇದೆಲ್ಲ ಹುಚ್ಚು, ಅವನು ಬರುವುದಿಲ್ಲ, ಊರಿನಲ್ಲಿ ಬೇರೆ ಮೇಸ್ತ್ರಿಗಳಿಲ್ಲವೇ ಎಂದು ಅನ್ನಿಸಿದಾಗಲೂ ಎಸೆದಿರಲಿಲ್ಲ.

ಬಂದಿದ್ದಾನೆ. ಕೊಳವೆ ಸಿಕ್ಕಿಸಿ ಸುರಿಯತೊಡಗಿದಾಗ ಎಣ್ಣೆ ಕೆಂಪಗೆ, ಮಕ್ಕಳ ಶರಬತ್ತಿನ ಹಾಗೆ ಕಂಡಿತು. ಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಏರಿನಲ್ಲಿ ಒಂದು ಸಣ್ಣ ಕೊರಗು ಶುರುವಾಗುತ್ತದೆ, ಆಮೇಲೆ ಜಗ್ಗುತ್ತದೆ, ಒಳಗಿನ ಬೆಲ್ಟು ಜಾರುತ್ತದೆ, ಒಂದು ದಿನ ಕಾಲು ಒತ್ತಿದರೂ ಗಾಡಿ ಏರು ಹತ್ತದೆ ನಡುವೆ ನಿಂತುಬಿಡುತ್ತದೆ, ಹಿಂದೆ ಲಾರಿಗಳು ಬಡಿದುಕೊಳ್ಳುತ್ತವೆ. ನಿಲ್ಲಲಿ. ಅವನ ನೆಟ್ಟನೆ ಕತ್ತು ಆಗ ಹಿಂದೆ ತಿರುಗಲಿ. ಮುಫ್ಲೆಹ್‌ಗೆ ಖುಷಿಯಾಯಿತು, ಮೊಣಕೈವರೆಗೆ ಬಿಸಿಯಾಗುವಂಥ ಖುಷಿ. ಆದರೆ ಡಬ್ಬ ಅರ್ಧ ಖಾಲಿಯಾಗುವ ಹೊತ್ತಿಗೆ ಆ ಖುಷಿಯಲ್ಲೂ ಏನೋ ಸೋರಿಹೋಗುತ್ತಿತ್ತು. ಗಾಡಿ ನಿಂತಾಗ ಅವನಿಗೆ ಮುಫ್ಲೆಹ್ ಎಂಬ ಹೆಸರು ನೆನಪಾಗುವುದಿಲ್ಲ. ಕಾರು ಮಾಡಿದವರನ್ನು ಬಯ್ಯುತ್ತಾನೆ, ಸರ್ಕಾರವನ್ನು ಬಯ್ಯುತ್ತಾನೆ, ಬೇರೆ ಗೇರ್ ಬಾಕ್ಸ್ ಹಾಕಿಸುತ್ತಾನೆ. ಗೊತ್ತೇ ಆಗದಿದ್ದರೆ ಅದೆಂಥ ಸೇಡು? ಕತ್ತಲಲ್ಲಿ ಕಣ್ಣು ಹೊಡೆದ ಹಾಗೆ. ಮತ್ತೆ ಇನ್ನೊಂದು ಯೋಚನೆ, ಬೇಡ ಬೇಡವೆಂದರೂ ಬಂತು. ಮೇಲೆ ಒಂದು ಹೆಸರು, ಒಳಗೆ ಬೇರೆ ಎಣ್ಣೆ ಎಂದು ಪಾಷಾ ಆ ಸಂಜೆ ಹೇಳಿದ್ದು ಸುಳ್ಳಾಗಿತ್ತು. ಅದನ್ನು ಈಗ ತಾನೇ ಕೈಯಾರೆ ನಿಜ ಮಾಡುತ್ತಿದ್ದೇನೆ. ಕೈ ನಿಲ್ಲಲಿಲ್ಲ. ಕೊನೆಯ ತನಕ ಸುರಿದ. ಎಂಜಿನ್ ಓಡಿಸಿ, ಮಟ್ಟ ನೋಡಿ, ಅಡಿಯ ಬೋಲ್ಟನ್ನು ಇನ್ನೊಮ್ಮೆ ಬಿಗಿದ.

ಡಬ್ಬವನ್ನು ಪಾಷಾನ ಮುಂದೆ ತಂದು, ರೂಢಿಯಂತೆ ಸ್ಕ್ರೂಡ್ರೈವರು ಎತ್ತಿ ಚುಚ್ಚಿದ. ಕೈ ಕೊಂಚ ಹೆಚ್ಚೇ ಜೋರಾಗಿ ಬಿತ್ತು.

"ಡಬ್ಬ ಚುಚ್ಚೋ ಮೇಸ್ತ್ರಿ ಅಂತ ಎಲ್ರೂ ಹೇಳ್ತಾರೆ," ಎಂದ ಪಾಷಾ. "ಊರೆಲ್ಲ ವಿಚಾರಿಸ್ದೆ. ಕಂಪನೀದು ಅಂದ್ರೆ ಕಂಪನೀದೇ ಹಾಕೋನು ಒಬ್ನೇ ಅಂದ್ರು."

ಮುಫ್ಲೆಹ್ ಚುಚ್ಚಿದ ಡಬ್ಬವನ್ನು ಮೂಲೆಗೆ ಎಸೆದ. ಎದ್ದು ಹೋಗಲಿ, ದುಡ್ಡು ಕೊಟ್ಟು ತೊಲಗಲಿ ಎಂದು ಕಾದ. ಪಾಷಾ ಏಳಲಿಲ್ಲ. ಪೀಪಾಯಿಯ ಮೇಲಿನ ಬಟ್ಟಲನ್ನು ಒಂದು ಬೆರಳಿನಿಂದ ತಿರುಗಿಸುತ್ತ ಕೂತ.

"ನಾನ್ಯಾಕೆ ಕಾಫಿ ಮುಟ್ಲಿಲ್ಲ ಅಂತ ನೀವು ಕೇಳ್ಲೇ ಇಲ್ಲ, ಅಬೂ ಸನದ್."

ಬೀದಿಯಲ್ಲಿ ಯಾರೋ ಟೈರು ಉರುಳಿಸಿಕೊಂಡು ಹೋದರು. ಅಬೂ ಸನದ್. ಆ ಹೆಸರು ಆ ಬಾಯಿಂದ ಬಂದದ್ದು ಮುಫ್ಲೆಹ್‌ನ ಕಿವಿಗೆ ಬಿತ್ತು, ತಲೆಗೆ ಹತ್ತಲು ಹೊತ್ತು ಹಿಡಿಯಿತು. ಬಂದವನು ಬಟ್ಟಲು ಮುಟ್ಟದೆ ಇಟ್ಟರೆ, ಏನು ಬೇಕು ನಿಮಗೆ ಎಂದು ಮನೆಯವನು ಕೇಳಬೇಕು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು. ತಾನು ಕೇಳಲಿಲ್ಲ. ಮಸಿ ಕೈ, ಪಾಷಾನ ತುಟಿ ಎಂದು ತನ್ನೊಳಗೇ ಪುರಾಣ ಕಟ್ಟಿಕೊಂಡು ಅಟ್ಟ ಹತ್ತಿದ.

"ನಿಮ್ಗೆ ನನ್ನ ಗುರುತು..."

"ಗುರುತಿಲ್ದೆ ಏನು. ಬಂದ ತಕ್ಷಣ ಹೇಳೋಕೆ ಬಾಯಿ ಬರ್ಲಿಲ್ಲ. ಆಯಿಲ್ ಆಗೋಷ್ಟರಲ್ಲಿ ಬರುತ್ತೆ ಅಂದ್ಕೊಂಡೆ." ಪಾಷಾ ಗಂಟಲು ಸರಿ ಮಾಡಿಕೊಂಡ. "ದೀಮಾ ಯಾರನ್ನೂ ಒಪ್ಪಲ್ಲ. ಬಂದೋರನ್ನೆಲ್ಲ ವಾಪಸ್ ಕಳಿಸಿದ್ಲು. ನನ್ನ ಜೊತೆ ಕೂತು ಊಟ ಮಾಡಿ ಎಷ್ಟೋ ಕಾಲ ಆಯ್ತು. ಬಡಿಸ್ತಾಳೆ, ಎದ್ದು ಹೋಗ್ತಾಳೆ. ಅವಳಮ್ಮ ಹೇಳ್ತಾಳೆ, ನಿನ್ನ ಗತ್ತನ್ನ ನೀನೇ ನೆಕ್ಕೊಂಡು ಕೂತ್ಕೋ ಅಂತ. ನಂಗೆ ಹೀಗೆ ಬಂದು ಕೂರೋದು ಇಷ್ಟ ಅಂತ ತಿಳ್ಕೋಬೇಡಿ. ಹೆಣ್ಣಿನ ಅಪ್ಪ ಯಾರ ಮನೆ ಬಾಗಿಲಿಗೂ ಹೋಗಲ್ಲ, ಗೊತ್ತು ನಿಮ್ಗೆ. ಅದ್ಕೇ ಮನೆಗೆ ಬರ್ಲಿಲ್ಲ, ಅಂಗಡಿಗೆ ಬಂದೆ."

"ಏನು ಬೇಕು ನಿಮ್ಗೆ?" ಮುಫ್ಲೆಹ್‌ನ ದನಿ ಅವನಿಗೇ ಒರಟಾಗಿ ಕೇಳಿಸಿತು.

"ಹಿರಿಯರನ್ನ ಕರ್ಕೊಂಡು ಮತ್ತೆ ಬನ್ನಿ. ಈ ಸಲ ಕುಡೀರಿ ಅಂತೀನಿ, ಎಲ್ಲರ ಮುಂದೆ ಅಂತೀನಿ. ಆವತ್ತು ಆಡಿದ್ದನ್ನೂ ಎಲ್ಲರ ಮುಂದೇನೇ ವಾಪಸ್ ತಗೋತೀನಿ. ಹ್ಞೂಂ ಅನ್ನಿ, ಕುಡೀತೀನಿ. ಉಹ್ಞೂಂ ಅಂದ್ರೆ ಹೀಗೇ ಎದ್ದು ಹೋಗ್ತೀನಿ." ಅವನು ಕಾರಿನ ಕಡೆ ಗಲ್ಲ ಎತ್ತಿ ತೋರಿಸಿದ. "ಗಾಡಿ ಈಗ ಅವಳದು. ದಿನಾ ಸಾಲ್ಟ್ ಊರಿನ ಸ್ಕೂಲಿಗೆ ಪಾಠ ಮಾಡೋಕೆ ಹೋಗ್ತಾಳೆ. ಆ ಏರು, ಆ ಲಾರಿಗಳು ನೋಡಿದ್ದೀರಲ್ಲ. ಅದ್ಕೇ ಕಂಪನೀದೇ ಹಾಕಿ ಅಂದಿದ್ದು."

ಸಾಲ್ಟಿನ ಏರು ಮುಫ್ಲೆಹ್‌ನ ಕಣ್ಣ ಮುಂದೆ ಎದ್ದು ನಿಂತಿತು, ತಾನು ಸುರಿಯುವಾಗ ಕಂಡ ಅದೇ ಏರು. ಅಲ್ಲಿ ಈಗ ಹಿಂದೆ ತಿರುಗಿದ ಕತ್ತು ಪಾಷಾನದಾಗಿರಲಿಲ್ಲ. ಹುಡುಗಿಯನ್ನು ಅವನು ಒಂದೇ ಸಲ ನೋಡಿದ್ದ. ಆ ಸಂಜೆ ಒಳಬಾಗಿಲ ಪರದೆಯ ಸಂದಿಯಲ್ಲಿ, ಅವನು ಬಟ್ಟಲೆತ್ತಿ ಕುಡಿದ ಕ್ಷಣದಲ್ಲಿ, ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆ ಎಂದುಕೊಂಡಿದ್ದ. ಇಷ್ಟು ಕಾಲವೂ ಹಾಗೆಂದೇ ತಿಳಿದು ಅವಳನ್ನೂ ಸೇರಿಸಿ ದ್ವೇಷಿಸಿದ್ದ. ಅಳುವನ್ನು ತಡೆಯುವವರೂ ಬಾಯಿಯನ್ನು ಹಾಗೇ ಮುಚ್ಚಿಕೊಳ್ಳುತ್ತಾರೆ.

ಹ್ಞೂಂ ಎಂದರೆ ಮುಗಿಯುತ್ತದೆ. ಪಾಷಾ ಕಾಫಿ ಕುಡಿದು, ಗಾಡಿ ತೆಗೆದುಕೊಂಡು ಹೋಗುತ್ತಾನೆ. ನಾಳೆ ಯಾವುದೋ ನೆಪ ಹೇಳಿ ಗಾಡಿಯನ್ನು ವಾಪಸ್ಸು ತರಿಸಿ, ಸದ್ದಿಲ್ಲದೆ ಎಣ್ಣೆ ಬದಲಾಯಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಸನದ್‌ಗೆ ಮದುವೆ, ತನಗೆ ಮಾನ. ಕೈಗೆ ಬಂದ ತುತ್ತು ಬಾಯಿಗೆ ಹೋಗಲು ಒಂದೇ ಅಕ್ಷರ ಬಾಕಿ. ಆದರೆ ಆ ಅಕ್ಷರದ ಅಡಿಯಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಹೀಗೆ ಕೂತು, ಹೀಗೆ ಬಟ್ಟಲು ತಿರುಗಿಸಿ, ಕೇಳಿದ ತಕ್ಷಣ ತೀರಿಹೋಗುವಂಥದ್ದೇ ಅದು? ಇವನಿಗೆ ಗೊತ್ತಾಗಬೇಕು. ತನ್ನ ಒಂದು ಮಾತು ಒಬ್ಬ ಮರ್ಯಾದಸ್ಥನಿಂದ ಏನು ಮಾಡಿಸಿತು ಎಂದು ಇವನು ಕಣ್ಣಾರೆ ನೋಡಬೇಕು. ಕಳೆದುಕೊಂಡರೆ ಕಳೆದುಕೊಂಡೆ.

ಮುಫ್ಲೆಹ್ ಗುಂಡಿಗಿಳಿದ. ಇನ್ನೊಂದು ಖಾಲಿ ತಟ್ಟೆಯನ್ನು ಎಳೆದು ಅಡಿಗಿಟ್ಟ. ಬಿಗಿದ ಬೋಲ್ಟಿಗೆ ಮತ್ತೆ ಪಾನಾ ಹಾಕಿ ತಿರುಗಿಸಿದ. ಬಿಸಿ ಎಣ್ಣೆ ಕೆಂಪಗೆ, ಒಂದು ಕಸವೂ ಇಲ್ಲದೆ, ಧಾರೆಯಾಗಿ ಬಿದ್ದಿತು.

ಸದ್ದು ಕೇಳಿ ಪಾಷಾ ಎದ್ದು ಗುಂಡಿಯ ಅಂಚಿಗೆ ಬಂದ. ಹೊಳೆಯುವ ಷೂಗಳು ಮುಫ್ಲೆಹ್‌ನ ಕಣ್ಣ ಮಟ್ಟಕ್ಕೆ ನಿಂತವು.

"ಈಗ ತಾನೇ ಹಾಕಿದ್ದಲ್ವಾ ಅದು?"

"ಹೌದು."

"ಮತ್ಯಾಕೆ ಇಳಿಸ್ತಿದ್ದೀರಿ?"

"ಅದು ನಿಮಗೆ ಅಂತ ಹಾಕಿದ್ದು," ಎಂದ ಮುಫ್ಲೆಹ್, ಮೇಲೆ ನೋಡಿ. "ಆವತ್ತಿಂದ ಎತ್ತಿಟ್ಟಿದ್ದೆ. ಪೀಪಾಯಿ ಎಣ್ಣೆ. ಡಬ್ಬ ಕಂಪನೀದು. ಹುಡುಗಿಗೆ ಬೇರೆ ಹಾಕ್ತೀನಿ."

ಪಾಷಾನ ಕತ್ತು ಮೊದಲ ಸಲ ಬಗ್ಗಿತು, ತಟ್ಟೆಯನ್ನು ನೋಡಲು. ಅವನ ಮುಖದಲ್ಲಿ ಒಂದೊಂದೇ ಬಣ್ಣ ಬಂದು ಹೋಯಿತು. ಮುಫ್ಲೆಹ್ ಒಂದನ್ನೂ ಬಿಡದೆ ನೋಡಿದ. ಸಿಟ್ಟು ಬಂತು, ಅದರ ಹಿಂದೆ ಹೆದರಿಕೆ, ಕೊನೆಗೆ ಯಾವ ಹೆಸರೂ ಇಲ್ಲದ ಒಂದು ಬಿಳಿಚು. ಆ ಸಂಜೆ ತನ್ನ ಮುಖವೂ ಹೀಗೇ ಇದ್ದಿರಬೇಕು. ಬೈಯಲಿ, ಪೊಲೀಸರನ್ನು ಕರೆಯಲಿ, ಊರಿಗೆಲ್ಲ ಸಾರಲಿ. ಡಬ್ಬ ಚುಚ್ಚುವ ಮೇಸ್ತ್ರಿಯ ಹೆಸರು ಇವತ್ತೇ ಮಣ್ಣು ಪಾಲಾಗಲಿ. ಗಂಟಲಲ್ಲಿ ನಿಂತಿದ್ದ ಆ ಗುಟುಕು ಕೆಳಗಿಳಿಯುತ್ತಿರುವುದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಪಾಷಾ ಹಿಂದೆ ಹೋಗಿ, ಅದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ತಣ್ಣಗಾದ ಬಟ್ಟಲನ್ನು ಎತ್ತಿ ಅಂಗೈಯಲ್ಲಿ ಹಿಡಿದುಕೊಂಡ, ತುಟಿಗೆ ತರಲಿಲ್ಲ.

"ಇನ್ನೊಂದು ಅಂಥ ಡಬ್ಬ ಇದೆಯಾ?" ಎಂದ.

"ಇಲ್ಲ. ಇದ್ದದ್ದು ಒಂದೇ."

ಪಾಷಾ ತಲೆಯಾಡಿಸಿದ. "ಹಾಗಾದ್ರೆ ಈಗ ಕುಡೀಬಹುದಾ, ಅಬೂ ಸನದ್?"

ಧಾರೆ ಸಣ್ಣದಾಗಿ, ದಾರವಾಗಿ, ಹನಿಯಾಗಿತ್ತು. ನಿಜವಾದ ಡಬ್ಬ ಕೆಳಗಿನ ಸಾಲಿನಲ್ಲೇ, ಕೈಗೆ ಸಿಗುವ ಹಾಗಿತ್ತು. ಎದುರಿನಲ್ಲಿ ಝಕಿ ಬಾಗಿಲು ಎತ್ತುತ್ತ ಇತ್ತ ಕಡೆ ಇಣುಕುತ್ತಿದ್ದ. ಅವನು ನೋಡಲಿ ಎಂದುಕೊಂಡ ಮುಫ್ಲೆಹ್.

"ಎಣ್ಣೆ ಪೂರ್ತಿ ಇಳೀಲಿ ಪಾಷಾ," ಎಂದ.

ಪಾಷಾ ಬಟ್ಟಲು ಹಿಡಿದು ಕಾದ. ಹನಿಗೂ ಹನಿಗೂ ನಡುವೆ ಹೊತ್ತು ಉದ್ದವಾಗುತ್ತ ಹೋಯಿತು. ಮುಫ್ಲೆಹ್‌ಗೆ ಅವಸರವಿರಲಿಲ್ಲ.